ಫಳಫಳ ಹೊಳೆಯುವ ಹಳೇ ಕೋವಿ ಅಂದರೆ ನನಗೆ ಭಯ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು ಅಂದರೆ ಸಾಕು, ಕೊಡಗಿನ ಮೂಲೆಮೂಲೆಯಿಂದ ಅದೇ ಪ್ರಶ್ನೆ. ಈ ಸಲ ಒಬ್ಬರಿಗೆ ಉದ್ದಕ್ಕೆ ಬರೆಯುತ್ತೇನೆ, ಉಳಿದವರೂ ಓದಿಕೊಳ್ಳಿ.

ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ, 12 ಬೋರ್. ಚೂರೂ ತುಕ್ಕಿಲ್ಲ, ಹೊಸದರ ಹಾಗೆ ಹೊಳೆಯುತ್ತದೆ. ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಬಹುದಾ?

ಹೊಳೆಯುತ್ತದೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಕೊಡಗಿನ ಅಷ್ಟೊಂದು ಮಳೆಗಾಲ ಕಂಡ ಕೋವಿಯಲ್ಲಿ ತುಕ್ಕಿನ ಗುರುತೇ ಇಲ್ಲ ಅಂದರೆ ಯಾರೋ ಉಜ್ಜಿ ತೆಗೆದಿದ್ದಾರೆ. ತುಕ್ಕಿನ ಜೊತೆ ಉಕ್ಕೂ ಹೋಗಿರುತ್ತದೆ. ಅಜ್ಜ ಒಮ್ಮೆ, ಅಪ್ಪ ಒಮ್ಮೆ, ಮಧ್ಯೆ ನಗ್ಗು ಎತ್ತಿಸಿದ್ದು ಒಮ್ಮೆ, ಹೀಗೆ ನಳಿಗೆ ತೆಳುವಾಗುತ್ತಾ ಬಂದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್ಲಾದರೂ ಅರ್ಧ ಮಿಲಿಮೀಟರಿಗಿಂತ ತೆಳುವಿದ್ದರೆ ನಾನಂತೂ ಆ ಕೋವಿಗೆ ತೋಟಾ ಹಾಕುವುದಿಲ್ಲ.

ಪರೀಕ್ಷೆ ಪಾಸಾದ ಬರ್ಮಿಂಗ್‌ಹ್ಯಾಮ್ ಮುದ್ರೆ ಇದೆ ಸಾರ್ ಅನ್ನುತ್ತೀರಿ. ಇರಲಿ. ಮುದ್ರೆ ಒತ್ತಿದ ದಿನ ಕೋವಿ ಗಟ್ಟಿಯಿತ್ತು ಅಂತಷ್ಟೇ ಅದರರ್ಥ. ಆಮೇಲೆ ಒಳಗೆ ಕೊರೆದವರು ಅದನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದರಾ? ಬ್ರಿಟನ್ನಿನಲ್ಲಿ ಹಳೇ ನಳಿಗೆ ಕತ್ತರಿಸಿ ಹೊಸ ಕೊಳವೆ ಕೂರಿಸಿದರೆ 'ಸ್ಲೀವ್ಡ್' ಅಂತ ಮುದ್ರೆ ಒತ್ತಲೇಬೇಕು. ಅಂಥ ಕೋವಿಗೆ ನಾನು ಹೆದರುವುದಿಲ್ಲ, ಹೇಳದೆ ಮಾಡಿದ ರಿಪೇರಿಗೆ ಹೆದರುತ್ತೇನೆ. ಒಬ್ಬರು ತಂದ ಕೋವಿಯ ಕಪ್ಪು ಬಣ್ಣ ಸ್ವಲ್ಪ ಕೆರೆದು ನೋಡಿದರೆ ಅಡಿಯಲ್ಲಿ ಡಮಾಸ್ಕಸ್ಸಿನ, ಅಂದರೆ ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ನಳಿಗೆಯ, ಸುರುಳಿ ಗೆರೆ! ಉಕ್ಕಿನ ನಳಿಗೆ ಅಂತ ಮಾರಿದ್ದರಂತೆ. ಡಮಾಸ್ಕಸ್ ಎಲ್ಲಾ ಸಿಡಿಯುತ್ತದೆ ಅನ್ನುವುದೂ ಸುಳ್ಳೇ, ನೈಟ್ರೋ (ಹೊಗೆಯಿಲ್ಲದ ಮದ್ದಿನ) ಪರೀಕ್ಷೆ ಪಾಸಾದವೂ ಇವೆ. ಆದರೆ ಬಣ್ಣ ಬಳಿದು ಮುಚ್ಚಿದವನು ಇನ್ನೇನು ಮುಚ್ಚಿದ್ದಾನೋ.

ಆ ಕಪ್ಪು ಬಣ್ಣದ್ದೇ ಇನ್ನೊಂದು ಕಥೆ. ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ತವರ ಸೀಸದ ಬೆಸುಗೆ. ಕುದಿಯುವ ಕಾಸ್ಟಿಕ್ ನೀರಿಗೆ ಅದ್ದಿ ಕಪ್ಪು ಮಾಡುವ ಮಹಾನುಭಾವರಿದ್ದಾರೆ, ಆ ನೀರು ಬೆಸುಗೆಯನ್ನೇ ತಿನ್ನುತ್ತದೆ, ಪಟ್ಟಿ ಅಡಿ ಉಪ್ಪು ಕೂತು ಒಳಗೊಳಗೇ ತುಕ್ಕು. ನಳಿಗೆ ನೇತುಹಾಕಿ ತಟ್ಟಿದಾಗ ಗಂಟೆಯ ಹಾಗೆ ನಾದ ಬಂದರೆ ಕೋವಿ ಸರಿ ಇದೆ ಅಂತ ಹೇಳುವ ಪಂಡಿತರು ಬೇರೆ. ನಾದದಿಂದ ಪಟ್ಟಿ ಬಿಟ್ಟಿದೆಯಾ ಅಂತ ತಿಳಿಯಬಹುದು. ದಪ್ಪ ಹೇಗೆ ತಿಳಿಯುತ್ತದೆ?

ದಪ್ಪ ಅಳೆಯುವ ಗೇಜು ಇರುವ ಲೈಸೆನ್ಸ್‌ದಾರನ ಹತ್ತಿರ ಹೋಗಿ. ನಳಿಗೆಯೊಳಗೆ ಇಣುಕಿ 'ಫಸ್ಟ್ ಕ್ಲಾಸ್' ಅಂದರೆ ಎದ್ದು ಬನ್ನಿ.

70 ಮಿ.ಮೀ. ತೋಟಾ ಸಲೀಸಾಗಿ ಹೋಗುತ್ತದಲ್ಲ?

ಹೋಗುತ್ತದೆ, ಯಾಕೆಂದರೆ 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟಾದ ಉದ್ದ. ತೋಟಾ ಕೂರುವ ಜಾಗ 65 ಮಿ.ಮೀ. ಮಾತ್ರ ಇರುವ ಹಳೇ ಕೋವಿಯಲ್ಲಿ ಅದು ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹಾಕಬೇಡಿ.

ಟಯರಿಗೆ ಕಟ್ಟಿ ಹಗ್ಗ ಎಳೆದು ಹೊಡೆದೆವು, ಏನೂ ಆಗಲಿಲ್ಲ.

ಎರಡನೇ ಗುಂಡಿಗೆ ಆಗಬಹುದು.

ಊರಿನ ವೆಲ್ಡಿಂಗ್ ಶಾಪಿನಲ್ಲಿ ರಿಪೇರಿ?

ಕೊಡಗಿನ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿ ಮಾಡುವವನಿಗೆ ಲೈಸೆನ್ಸ್ ಬೇಕೇ ಬೇಕು.

ಅಜ್ಜನ ಕೋವಿಯವರು ಈ ವರ್ಷ ನಳಿಗೆಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಅಳತೆ ಮಾಡಿಸಿದ ಬೇರೆ ಕೋವಿ ಹಿಡಿಯಿರಿ. ಮತ್ತೆ, ಹೊಡೆಯುವ ಮುಂಚೆ ನಳಿಗೆಯಲ್ಲಿ ಸಿಕ್ಕಿಸಿದ ಹೂವು ತೆಗೆಯಿರಿ ಮಾರಾಯ್ರೆ, ಅದನ್ನೂ ಮರೆತವರನ್ನು ನೋಡಿದ್ದೇನೆ.