ತೇಲುವ ಮಂಜುಗಡ್ಡೆ ಕಡಲತಳ ಉತ್ತಿದ್ದು ಹೇಗೆ?

ಪ್ರಶ್ನೆ: ನಾರ್ವೆ ಹತ್ತಿರ ಸಮುದ್ರದ ತಳದಲ್ಲಿ ಹಿಮಯುಗದ ಮಂಜುಗಡ್ಡೆ ಎಳೆದ ಗೆರೆಗಳಿವೆ ಎಂದು ಓದಿದೆ. ಮಂಜುಗಡ್ಡೆ ತೇಲುತ್ತದೆ, ಅಲ್ವಾ? ಮತ್ತೆ ತಳದಲ್ಲಿ ಗೆರೆ ಹೇಗೆ ಬಂತು? ನಮ್ಮ ಅರಬ್ಬಿ ಸಮುದ್ರದಲ್ಲೂ ಇಂಥವು ಇವೆಯಾ?
– ಒಬ್ಬ ಓದುಗರು, ಕುಮಟಾ

ಉತ್ತರ: ತೇಲುತ್ತದೆ, ನಿಜ. ಆದರೆ ತೇಲೋದಕ್ಕೆ ಬೇಕಾದಷ್ಟು ನೀರು ಇರಬೇಕಲ್ಲ! ಲೋಟದ ನೀರಿಗೆ ಐಸ್ ತುಂಡು ಹಾಕಿ ನೋಡಿ, ಹತ್ತರಲ್ಲಿ ಒಂಬತ್ತು ಪಾಲು ಮುಳುಗಿಯೇ ಇರುತ್ತದೆ. ಅದೇ ತುಂಡನ್ನು ತಟ್ಟೆಯಲ್ಲಿ ಚೂರು ನೀರು ಹಾಕಿ ಇಡಿ, ತಳಕ್ಕೆ ಕೂತುಬಿಡುತ್ತದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ ನಾರ್ವೆ, ಸ್ವೀಡನ್ ಎಲ್ಲವನ್ನೂ ಮುಚ್ಚಿಕೊಂಡಿದ್ದ ಹಿಮದ ಹಾಸಿನ ಕತೆಯೂ ಇದೇ. 1000 ಮೀಟರ್ ದಪ್ಪದ ಹಿಮ ತೇಲಬೇಕಾದರೆ ಹತ್ತಿರ ಹತ್ತಿರ 900 ಮೀಟರ್ ನೀರು ಬೇಕು. ದಡದಿಂದಾಚೆ ಮೆಲ್ಲಗೆ ಇಳಿಯುತ್ತಾ ಹೋಗುವ ತಳವಿದೆಯಲ್ಲ, ಶಾಲೆ ಪುಸ್ತಕದಲ್ಲಿ ಖಂಡಾವರಣ ಪ್ರದೇಶ ಅಂತಿರುತ್ತದೆ, ಅದು ನಾರ್ವೆಯ ಕಡೆ ಈಗಲೂ ಬಹಳ ಕಡೆ ಇನ್ನೂರು ಮುನ್ನೂರು ಮೀಟರ್ ಆಳ ಅಷ್ಟೇ, ತಗ್ಗಿದ್ದಲ್ಲಿ ನಾನೂರು ಐನೂರು. ಹಾಗಾಗಿ ಹಿಮ ನೆಲಕ್ಕೆ ಕೂತುಕೊಂಡೇ ಜರುಗಿತು.

ಜರುಗುವಾಗ ಅಡಿಯ ಮೆತ್ತನೆ ಮಣ್ಣನ್ನು ಎಳೆದುಕೊಂಡು ಹೋಯಿತು. ಹಿಮ ಹರಿದ ದಿಕ್ಕಿಗೇ ಕಿಲೋಮೀಟರುಗಟ್ಟಲೆ ಉದ್ದದ ಸಾಲುಗಳು ಬಿದ್ದಿವೆ, ನೇಗಿಲು ಹೊಡೆದ ಹೊಲದ ಹಾಗೆ. ಅಂಚಿನಿಂದ ಮುರಿದು ತೇಲಿಹೋದ ದೊಡ್ಡ ಹಿಮಬಂಡೆಗಳೂ ಅಲ್ಲಲ್ಲಿ ತಳ ಕೆರೆದಿವೆ. ಆದರೆ ಅವು ಗಾಳಿ, ಪ್ರವಾಹ ಎತ್ತ ಒಯ್ದರೆ ಅತ್ತ ಹೋಗುವಂಥವು, ಹಾಗಾಗಿ ಆ ಗೆರೆಗಳು ಕುಡಿದು ಉತ್ತವನ ಸಾಲಿನಂತೆ ಒಂದರ ಮೇಲೊಂದು ಅಡ್ಡಾದಿಡ್ಡಿ.

ನನಗೆ ತುಂಬಾ ಇಷ್ಟವಾದದ್ದು ಮೂರನೇ ಬಗೆಯ ಗುರುತು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಬ್ಯಾಚಲರ್ ಮತ್ತು ಜೊತೆಯವರು 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ನಾರ್ವೆಯ ಕಡಲತಳದಲ್ಲಿ ಅವರು 7,600ಕ್ಕೂ ಹೆಚ್ಚು ಸಣ್ಣ ದಿಬ್ಬಗಳನ್ನು ಗುರುತಿಸಿದರು. ಎತ್ತರ ಎರಡೂವರೆ ಮೀಟರಿಗಿಂತ ಕಮ್ಮಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ 25ರಿಂದ 300 ಮೀಟರ್ ಅಂತರ. ಹಿಮದ ಅಂಚು ಉಬ್ಬರ ಬಂದಾಗ ಸ್ವಲ್ಪ ಮೇಲೇಳುತ್ತದೆ, ಇಳಿತದಲ್ಲಿ ಮತ್ತೆ ಕೂರುತ್ತದೆ. ಕೂರುವಾಗ ಮಣ್ಣು ಒತ್ತಿ ಒಂದು ದಿಬ್ಬ ಏಳುತ್ತದೆ. ಅಷ್ಟರಲ್ಲಿ ಹಿಮ ಕರಗಿ ತೆಳುವಾಗಿ ಇನ್ನಷ್ಟು ಹಿಂದೆ ಸರಿದಿರುತ್ತದೆ, ಮುಂದಿನ ದಿಬ್ಬ ಅಲ್ಲಿ. ಉಬ್ಬರ ದಿನಕ್ಕೆ ಎರಡು ಸಲ ಅಂತ ಕುಮಟಾದವರಿಗೆ ನಾನು ಹೇಳಬೇಕಾಗಿಲ್ಲ. ಅಂದರೆ ಎರಡು ದಿಬ್ಬಗಳ ನಡುವೆ ಅರ್ಧ ದಿನ! ಹಾಗೆ ಲೆಕ್ಕ ಹಾಕಿದರೆ ಹಿಮ ಕೆಲವು ಕಡೆ ದಿನಕ್ಕೆ 610 ಮೀಟರಿನವರೆಗೂ ಹಿಂದೆ ಸರಿದಿದೆ.

ಇದನ್ನು ಕೇಳಿ ಹಿಮವೆಲ್ಲ ಓಡಿಯೇ ಹೋಯಿತು ಅಂದುಕೊಳ್ಳಬೇಡಿ. ಇಷ್ಟು ಜೋರು ತಳ ಸಮತಟ್ಟಾಗಿದ್ದ ಕಡೆ ಮಾತ್ರ, ಅದೂ ಕೆಲವು ದಿನ, ಜಾಸ್ತಿ ಅಂದರೆ ಕೆಲವು ತಿಂಗಳು. ಆದರೂ ಅಂಟಾರ್ಕ್ಟಿಕಾ ಬಗ್ಗೆ ಕೆಲಸ ಮಾಡುವವರು ಇದನ್ನು ಸುಮ್ನೆ ಬಿಡುವುದಿಲ್ಲ. ಅಲ್ಲಿನ ಥ್ವೈಟ್ಸ್ ಹಿಮನದಿಯ ಮುಂದೆ 2019ರಲ್ಲಿ ರಾನ್ ಎಂಬ ರೋಬೋ ಜಲಾಂತರ್ಗಾಮಿ ಸುಮಾರು 700 ಮೀಟರ್ ಆಳಕ್ಕೆ ಇಳಿದಾಗ ಇಂಥದ್ದೇ 160ಕ್ಕೂ ಹೆಚ್ಚು ದಿಬ್ಬಗಳು ಸಿಕ್ಕಿದವು.

ನಾರ್ವೆಯ ಗುರುತುಗಳನ್ನು ಯಾರೂ ಮುಳುಗಿ ನೋಡಿದ್ದಲ್ಲ. ಹಡಗಿನಿಂದ ಬೀಸಣಿಗೆಯಂತೆ ಶಬ್ದ ಬಿಟ್ಟು, ಅದು ತಳಕ್ಕೆ ಬಡಿದು ವಾಪಸ್ ಬರಲು ಹಿಡಿದ ಸಮಯ ಅಳೆದು ನಕ್ಷೆ ಮಾಡುತ್ತಾರೆ. ಅಷ್ಟು ಆಳಕ್ಕೆ ಅಲೆಗಳ ಹೊಡೆತ ತಾಗುವುದಿಲ್ಲ, ಮೇಲಿಂದ ಬೀಳುವ ಹೂಳೂ ಕಮ್ಮಿ. ಅದಕ್ಕೇ ಗುರುತು ಅಳಿಸಿಲ್ಲ.

ಇನ್ನು ಅರಬ್ಬಿ ಸಮುದ್ರ. ಇಲ್ಲ, ಆ ಹಿಮ ಇಲ್ಲಿಯವರೆಗೆ ಬರಲೇ ಇಲ್ಲ. ಆದರೆ ಭೂಮಿಯ ಅಷ್ಟೊಂದು ನೀರು ಹಿಮವಾಗಿ ಕೂತಿದ್ದರಿಂದ ಇಲ್ಲೂ ಕಡಲು ಸುಮಾರು 120 ಮೀಟರ್ ಕೆಳಗಿತ್ತು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಈಗ ದೋಣಿ ಹತ್ತಬೇಕು, ಆಗಾದರೆ ನಡೆದೇ ಹೋಗಿ ಆ ಗುಡ್ಡ ಹತ್ತಬಹುದಿತ್ತು.