ಪಗಾರಕ್ಕೆ ಹೊಣೆ ಗುತ್ತಿಗೆದಾರನೋ, ನಗರಸಭೆಯೋ?

ಕೆಲಸ ಮತ್ತು ಕಾನೂನಿನ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವು. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಳಗೆ ಹೇಳಿರುವ ಪಗಾರದ ನಿಯಮಗಳು ಹಳೆಯ ಕಾಯ್ದೆಗಳಲ್ಲೂ ಇದ್ದವು, ಸಂಹಿತೆಗಳಲ್ಲೂ ಉಳಿದಿವೆ.

ಪ್ರಶ್ನೆ: ಸ್ಥಳೀಯ ಸಂಸ್ಥೆಯೊಂದರ ಕಸದ ಆಟೋ ಟಿಪ್ಪರ್ ಓಡಿಸುತ್ತೇನೆ. ಪಗಾರ ಕೊಡುವುದು ಹೊರಗುತ್ತಿಗೆ ಏಜೆನ್ಸಿ. ತಿಂಗಳಾ ಪಿಎಫ್ ಹಿಡಿಯುತ್ತಾರೆ, ಪಾಸ್‌ಬುಕ್‌ನಲ್ಲಿ ಐದು ತಿಂಗಳಿಂದ ಒಂದು ರೂಪಾಯಿಯೂ ಬಿದ್ದಿಲ್ಲ. ಕೇಳಿದರೆ ‘ಬಿಲ್ ಆಗಿಲ್ಲ’ ಅಂತಾರೆ. (ಹಾವೇರಿ ಜಿಲ್ಲೆ)

ಉತ್ತರ: ಮೊದಲು ಎಷ್ಟು ಹಿಡಿಯುತ್ತಿದ್ದಾರೆ ನೋಡಿ. ಲೆಕ್ಕ ಸುಲಭವಾಗಲೆಂದು ಪಗಾರ 15,000 ಅಂದುಕೊಳ್ಳೋಣ. ನಿಮ್ಮ ಪಾಲಿನ ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 0.75, ಅಂದರೆ 113. ಕೈಗೆ 13,087 ಬರಬೇಕು. ವೃತ್ತಿ ತೆರಿಗೆ ಎಂದು 200 ಹಿಡಿದಿದ್ದರೆ ತಪ್ಪು. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಪಗಾರಕ್ಕೆ ಆ ತೆರಿಗೆಯಿಲ್ಲ. ಕೈಗೆ ಬರುವುದು ಸುಮಾರು 10,650 ಆಗಿದ್ದರೆ, ಏಜೆನ್ಸಿ ತಾನು ಕಟ್ಟಬೇಕಾದ ಪಾಲನ್ನೂ (ಪಿಎಫ್‌ಗೆ ಆಡಳಿತ ವೆಚ್ಚ, ವಿಮೆ ಸೇರಿ ಶೇ. 13, ಇಎಸ್‌ಐಗೆ ಶೇ. 3.25) ನಿಮ್ಮ ಜೇಬಿನಿಂದಲೇ ತೆಗೆಯುತ್ತಿದೆ ಎಂದರ್ಥ. ಇದು ತೀರಾ ಸಾಮಾನ್ಯವಾದ ಮೋಸ. ‘ನಿಮ್ಮ ಪಗಾರದಲ್ಲೇ ಎಲ್ಲಾ ಸೇರಿದೆ’ ಎಂಬ ಮಾತು ಕೇಳಿಬಂದರೆ ಇದನ್ನೇ ಅನುಮಾನಿಸಿ.

‘ಬಿಲ್ ಆಗಿಲ್ಲ’ ಎಂಬುದು ಏಜೆನ್ಸಿ ಮತ್ತು ಕಚೇರಿಯ ನಡುವಿನ ಮಾತು, ನಿಮಗೆ ಸಂಬಂಧವಿಲ್ಲ. ತಿಂಗಳ ಪಗಾರ ಮುಂದಿನ ತಿಂಗಳು 7ರೊಳಗೆ, ಪಿಎಫ್ ಮತ್ತು ಇಎಸ್‌ಐ 15ರೊಳಗೆ ಕಟ್ಟಬೇಕು. ನಿಮ್ಮಿಂದ ಹಿಡಿದ ಹಣ ಕಟ್ಟದೆ ಇಟ್ಟುಕೊಂಡರೆ ಅದು ಬಾಕಿ ಅಷ್ಟೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ಪ್ರಕಾರ ನಂಬಿಕೆದ್ರೋಹ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆ, ಅಂದರೆ ಪ್ರಧಾನ ಉದ್ಯೋಗದಾತ, ಕೊಟ್ಟು ಆಮೇಲೆ ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. ಪಿಎಫ್‌ಗೂ ಅದೇ ಹೊಣೆ.

ಆದ್ದರಿಂದ ಅರ್ಜಿ ಏಜೆನ್ಸಿಗಲ್ಲ, ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಬರೆಯಿರಿ. ಜೊತೆಗೆ ಪಿಎಫ್ ಪಾಸ್‌ಬುಕ್ ಪ್ರಿಂಟ್, ಆ ಐದು ತಿಂಗಳ ಬ್ಯಾಂಕ್ ಪಾಸ್‌ಬುಕ್ ಹಾಳೆ, ಪಗಾರ ಚೀಟಿ ಇಡಿ. ಚೀಟಿ ಕೊಡುವುದಿಲ್ಲವಾದರೆ ಹಾಜರಿ ಪುಸ್ತಕದ ಫೋಟೋ ಸಾಕು. ಸ್ವೀಕೃತಿ ಮುದ್ರೆಯಿಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಅದೇ ಕಾಗದದ ಒಂದು ಪ್ರತಿ ಹುಬ್ಬಳ್ಳಿ ನವನಗರದ ಭವಿಷ್ಯ ನಿಧಿ (ಪಿಎಫ್) ಪ್ರಾದೇಶಿಕ ಕಚೇರಿಗೆ, ಇನ್ನೊಂದು ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ಒಬ್ಬರೇ ಹೋಗುವುದಕ್ಕಿಂತ ಅದೇ ಏಜೆನ್ಸಿಯ ನಾಲ್ಕಾರು ಮಂದಿ ಸಹಿ ಹಾಕಿದರೆ ಒಬ್ಬನನ್ನೇ ಗುರಿಮಾಡಿ ತೆಗೆದುಹಾಕುವುದು ಕಷ್ಟ.

ಇನ್ನೊಂದು ತಾಪತ್ರಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಏಜೆನ್ಸಿ ಬದಲಾದಾಗ ಹೊಸಬರು ಹಳೆಯ ಯುಎಎನ್ (ಕೆಲಸ ಬದಲಾದರೂ ಒಂದೇ ಇರಬೇಕಾದ ಪಿಎಫ್ ನಂಬರ್) ಕೇಳದೆ ಹೊಸ ನಂಬರ್ ತೆಗೆಯುತ್ತಾರೆ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ಮೂರು ನಂಬರಿನಲ್ಲಿ ಮೂರ್ಮೂರು ವರ್ಷ ಹಂಚಿಹೋದರೆ ಅದನ್ನು ಕೂಡಿಸುವಷ್ಟರಲ್ಲಿ ಸುಸ್ತಾಗುತ್ತೀರಿ. ಹಳೆಯ ಏಜೆನ್ಸಿ ನೀವು ಬಿಟ್ಟ ದಿನಾಂಕ ನಮೂದಿಸಿದೆಯೇ, ಆಧಾರ್‌ನಲ್ಲಿರುವ ಹೆಸರೇ ಇದೆಯೇ, ಈಗಲೇ ನೋಡಿ. ಇಎಸ್‌ಐನಲ್ಲೂ ಬಾಕಿಯ ಪೆಟ್ಟು ತಡವಾಗಿ ಗೊತ್ತಾಗುತ್ತದೆ: ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಇದ್ದರೆ ಮಾತ್ರ ಕಾಯಿಲೆ ರಜೆಗೆ ಪಗಾರದ ಶೇ. 70ರಷ್ಟು ಹಣ ಸಿಗುತ್ತದೆ.

ಪ್ರಶ್ನೆ: ನಾನು ನಗರಸಭೆ ಸದಸ್ಯೆ. ನ್ಯಾಯಯುತ ಕೆಲಸದ ಬಗ್ಗೆ ನಮ್ಮ ಊರಿಗೊಂದು ನೀತಿ ಬೇಕೆಂದು ಠರಾವು ಮಂಡಿಸುವ ಆಸೆ. ಅದರಲ್ಲಿ ಏನೇನಿರಬೇಕು? (ಗದಗ ಜಿಲ್ಲೆ)

ಉತ್ತರ: ಠರಾವು ಪಾಸಾಗುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದರೆ ಸ್ಥಳೀಯ ಸಂಸ್ಥೆಯ ನಿಜವಾದ ಕಾರ್ಮಿಕ ನೀತಿ ಇರುವುದು ಟೆಂಡರ್ ಕಾಗದದಲ್ಲಿ. ಕನಿಷ್ಠ ವೇತನ ನಿಗದಿ ಮಾಡುವುದು ರಾಜ್ಯ ಸರ್ಕಾರ. ನಗರಸಭೆಗೆ ಆ ಅಧಿಕಾರವಿಲ್ಲ. ಆದರೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುವವರಾಗಿ ಷರತ್ತು ಹಾಕಬಹುದು. ಸಾರ್ವಜನಿಕ ಗುತ್ತಿಗೆಯಲ್ಲಿ ಕೂಲಿಯ ಷರತ್ತು ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1949ರಲ್ಲೇ 94ನೇ ಒಡಂಬಡಿಕೆ ಮಾಡಿತು. ಅಮೆರಿಕದ ಬಾಲ್ಟಿಮೋರ್ ನಗರ 1994ರಲ್ಲಿ ಮಾಡಿದ್ದೂ ಇದನ್ನೇ: ಊರಿಗೆಲ್ಲ ಕಾನೂನು ಮಾಡಲಿಲ್ಲ, ನಗರಾಡಳಿತದ ಗುತ್ತಿಗೆ ಹಿಡಿಯುವವರು ಇಂತಿಷ್ಟು ಕೂಲಿ ಕೊಡಲೇಬೇಕು ಎಂದಿತು. ಇಲ್ಲಿ ನೀವು ಸರ್ಕಾರಿ ಟೆಂಡರುಗಳ 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನೊಳಗೇ ನಡೆಯಬೇಕು. ಷರತ್ತುಗಳೆಲ್ಲ ಟೆಂಡರ್ ಕರೆಯುವ ಮೊದಲೇ ಕಾಗದದಲ್ಲಿರಬೇಕು, ಆಮೇಲೆ ಸೇರಿಸಲು ಬರುವುದಿಲ್ಲ.

ಮೊದಲು ಅಂದಾಜುಪಟ್ಟಿ ತರಿಸಿ ನೋಡಿ. ಒಬ್ಬರ ಪಗಾರ 15,000 ಎಂದಾದರೆ ಪಿಎಫ್ ಪಾಲು 1,950, ಇಎಸ್‌ಐ 488 ಸೇರಿ 17,438 ಆಯಿತು. ಗ್ರಾಚ್ಯುಟಿಗೆ ಶೇ. 4.81 ಎತ್ತಿಟ್ಟರೆ ಇನ್ನೂ 722. ಸಮವಸ್ತ್ರ, ಬೂಟು, ಕೈಗವಸು ಬೇರೆ ಸಾಲು. ಈಗ ಜನರ ಲೆಕ್ಕ. ಕಸ ಎತ್ತುವುದು ವಾರದ ಏಳೂ ದಿನದ ಕೆಲಸ, ಮನುಷ್ಯನಿಗೆ ವಾರಕ್ಕೊಂದು ರಜೆ ಇದೆ. ದಿನವೂ 60 ಮಂದಿ ರಸ್ತೆಯಲ್ಲಿರಬೇಕಾದರೆ 70 ಮಂದಿಯನ್ನು ತೆಗೆದುಕೊಳ್ಳಬೇಕು. ಪಟ್ಟಿಯಲ್ಲಿ 60 ಎಂದೇ ಇದ್ದರೆ ಆ ಹತ್ತು ಜನರ ಕೆಲಸವನ್ನು ಉಳಿದವರು ರಜೆಯಿಲ್ಲದೆ ಮಾಡುತ್ತಾರೆ. ಆಗ ರಜೆ ಕಸಿದದ್ದು ಗುತ್ತಿಗೆದಾರನಲ್ಲ, ನಿಮ್ಮ ಅಂದಾಜುಪಟ್ಟಿ. ಪೌರಕಾರ್ಮಿಕರ ಸಂಖ್ಯೆಗೂ ಅಳತೆ ಇದೆ: ರಾಜ್ಯ ಸರ್ಕಾರದ ಮಾನದಂಡದ ಪ್ರಕಾರ 700 ಜನಸಂಖ್ಯೆಗೆ ಒಬ್ಬರು, 1,75,000 ಜನರ ಊರಿಗೆ 250.

ಎರಡನೆಯದು ತುಟ್ಟಿಭತ್ಯೆ. ನಮ್ಮಲ್ಲಿ ಅದು ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಎರಡು ವರ್ಷದ ಗುತ್ತಿಗೆಯನ್ನು ಒಂದೇ ದರಕ್ಕೆ ಕಟ್ಟಿಹಾಕಿದರೆ ಮೊದಲ ಏಪ್ರಿಲ್‌ನಿಂದಲೇ ಕನಿಷ್ಠ ವೇತನ ತಪ್ಪುತ್ತದೆ. ‘ಸರ್ಕಾರದ ಅಧಿಸೂಚನೆಯಂತೆ ದರ ತಾನಾಗಿ ಏರತಕ್ಕದ್ದು’ ಎಂಬ ಒಂದು ಸಾಲು ಸಾಕು.

ಮೂರನೆಯದು ಸೇವಾ ಶುಲ್ಕ. ಪಗಾರ ಎಲ್ಲರಿಗೂ ಒಂದೇ ಆದ್ದರಿಂದ ಪೈಪೋಟಿ ನಡೆಯುವುದು ಏಜೆನ್ಸಿಯ ಕಮಿಷನ್ ಮೇಲೆ. ಶೂನ್ಯಕ್ಕೆ, ಶೇ. 0.01ಕ್ಕೆ ಬರೆದವರು ಗೆಲ್ಲುತ್ತಾರೆ. ಲಾಭವಿಲ್ಲದೆ ಯಾರೂ ಕಚೇರಿ ನಡೆಸುವುದಿಲ್ಲ. ಆ ದುಡ್ಡು ಪಿಎಫ್ ಪಾಲಿನಿಂದಲೋ, ಇಲ್ಲದ ಹೆಸರಿನ ಹಾಜರಿಯಿಂದಲೋ, ಕೊಡದ ಬೂಟಿನಿಂದಲೋ, ಕೆಲಸ ಕೊಡಿಸಲು ಪಡೆದ ‘ಡಿಪಾಜಿಟ್’ನಿಂದಲೋ ಬರುತ್ತದೆ. ಕನಿಷ್ಠ ಸೇವಾ ಶುಲ್ಕವನ್ನು ಟೆಂಡರಿನಲ್ಲೇ ನಿಗದಿಮಾಡಿ.

ಬಿಲ್ ಪಾಸು ಮಾಡುವ ಜಾಗದಲ್ಲಿ ಬಿಗಿ ಬೇಕು. ಹೋದ ತಿಂಗಳ ಪಿಎಫ್ ಚಲನ್ ಒಂದೇ ಸಾಲದು. ಅದರಲ್ಲಿ ಬರೀ ಮೊತ್ತವಿರುತ್ತದೆ, ಬೇರೆ ಊರಿನ ಕೆಲಸಗಾರರದ್ದೂ ಇರಬಹುದು. ಹೆಸರುವಾರು ಇಸಿಆರ್ ಪಟ್ಟಿ (ಯಾರ ಹೆಸರಿಗೆ ಎಷ್ಟು ಪಿಎಫ್ ಎಂಬ ವಿವರ), ಬ್ಯಾಂಕಿನ ಪಗಾರ ವರ್ಗಾವಣೆ ಪಟ್ಟಿ, ಹಾಜರಿ ಪಟ್ಟಿ, ಈ ಮೂರರಲ್ಲೂ ಒಂದೇ ಹೆಸರುಗಳಿವೆಯೇ ಎಂದು ಲೆಕ್ಕಾಧಿಕಾರಿ ತಾಳೆ ನೋಡಿ ಸಹಿ ಹಾಕಬೇಕು. ಜೊತೆಗೆ ನೀವೂ ಬಿಲ್ಲನ್ನು ತಿಂಗಳುಗಟ್ಟಲೆ ಕೂರಿಸಬಾರದು. ನಗರಸಭೆ ಮೂರು ತಿಂಗಳು ದುಡ್ಡು ಬಿಡದೆ ಗುತ್ತಿಗೆದಾರನಿಗೆ ನೋಟಿಸ್ ಕೊಡುವುದು ನ್ಯಾಯವಲ್ಲ. ಇಷ್ಟೆಲ್ಲ ತಲೆನೋವು ಬೇಡವೆಂದೇ ಪೌರಕಾರ್ಮಿಕರಿಗೆ ರಾಜ್ಯದಲ್ಲಿ ನೇರ ಪಾವತಿ ತಂದದ್ದು. ಚಾಲಕರು, ಲೋಡರ್‌ಗಳು, ನೀರು ಬಿಡುವವರನ್ನು ಹೊರಗುತ್ತಿಗೆಯಲ್ಲೇ ಬಿಟ್ಟದ್ದರಿಂದ ಅರ್ಧ ಸಮಸ್ಯೆ ಹಾಗೇ ಉಳಿಯಿತು. ಠರಾವು ಮಾಡಲೇಬೇಕಿದ್ದರೆ ಅವರಿಗೂ ನೇರ ಪಾವತಿ ಕೊಡಿ ಎಂದು ಸರ್ಕಾರಕ್ಕೆ ಬರೆಯುವ ಠರಾವು ಮಾಡಿ.

ಪ್ರಶ್ನೆ: ಒಂದು ದಿನ ಗೈರಾದರೆ ಮುಕಾದಮ ಎರಡು ದಿನದ ಪಗಾರ ಮುರಿಯುತ್ತಾನೆ. ಸರಿಯೇ? (ಧಾರವಾಡ)

ಉತ್ತರ: ಸರಿಯಲ್ಲ. ಗೈರಿಗೆ ಎಷ್ಟು ಹೊತ್ತು ಬರಲಿಲ್ಲವೋ ಅಷ್ಟಕ್ಕೇ ಕಡಿತ. ದಂಡ ಬೇರೆ ವಿಷಯ: ಯಾವ ತಪ್ಪಿಗೆ ದಂಡ ಎಂದು ಮೊದಲೇ ಪ್ರಕಟಿಸಿರಬೇಕು, ನಿಮ್ಮ ಮಾತು ಕೇಳಿರಬೇಕು, ಪಗಾರದ ಶೇ. 3 ಮೀರಬಾರದು. ಒಂದು ಎಚ್ಚರಿಕೆ: ಹತ್ತು ಅಥವಾ ಹೆಚ್ಚು ಮಂದಿ ನೋಟಿಸ್ ಕೊಡದೆ, ತಕ್ಕ ಕಾರಣವಿಲ್ಲದೆ, ಒಟ್ಟಾಗಿ ಕೆಲಸ ನಿಲ್ಲಿಸಿದರೆ ಎಂಟು ದಿನದವರೆಗೆ ಹೆಚ್ಚುವರಿ ಕಡಿತಕ್ಕೆ ಅವಕಾಶವಿದೆ. ಮುಷ್ಕರಕ್ಕೆ ಮುಂಚೆ ಬರಹದಲ್ಲಿ ನೋಟಿಸ್ ಕೊಡಿ ಎನ್ನುವುದು ಇದಕ್ಕೇ.

ಪ್ರಶ್ನೆ: ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಎಂಟು ಹೆಂಗಸರು ನಾವು. ಮೇಲ್ವಿಚಾರಕನ ಮಾತು, ನಡತೆ ಸರಿಯಿಲ್ಲ. ನಮ್ಮಂಥವರಿಗೆ ಸಮಿತಿ ಎಲ್ಲಿದೆ? (ಬ್ಯಾಡಗಿ)

ಉತ್ತರ: ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಮತ್ತು ಅದಕ್ಕೂ ಹೆಚ್ಚು ಮಂದಿ ಇರುವ ಕಡೆ ಮಾಲೀಕರೇ ಆಂತರಿಕ ಸಮಿತಿ ಮಾಡಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕನ ಮೇಲೇ ಆಗಿದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಅದಕ್ಕಾಗಿ ಜಿಲ್ಲಾ ಕೇಂದ್ರದವರೆಗೆ ಓಡಬೇಕಿಲ್ಲ. ಪ್ರತಿ ತಾಲ್ಲೂಕಿಗೂ, ಪಟ್ಟಣದಲ್ಲಿ ವಾರ್ಡು ಅಥವಾ ಪುರಸಭೆಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು. ದೂರು ಪಡೆದು 7 ದಿನದಲ್ಲಿ ಸಮಿತಿಗೆ ಕಳಿಸುವುದಷ್ಟೇ ಅವರ ಕೆಲಸ. ವಿಚಾರಣೆ ಮಾಡುವುದಾಗಲಿ ‘ಹೋಗಲಿ ಬಿಡ್ರಿ, ರಾಜಿ ಮಾಡಿಕೊಳ್ರಿ’ ಎನ್ನುವುದಾಗಲಿ ಅವರ ಕೆಲಸವಲ್ಲ. ರಾಜಿ ಬೇಕೆಂದು ದೂರು ಕೊಟ್ಟವರೇ ಕೇಳಿದರೆ ಮಾತ್ರ, ಅದೂ ಸಮಿತಿಯ ಮುಂದೆ. ಹಣ ಕೊಟ್ಟು ರಾಜಿ ಮಾಡುವಂತಿಲ್ಲ.

ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಿ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದವರಿಗೆ ಸಮಿತಿಯವರೇ ಬರೆದುಕೊಡಬೇಕು. ದಿನಾಂಕ, ಹೊತ್ತು, ಆಡಿದ ಮಾತು ಇದ್ದದ್ದು ಇದ್ದಹಾಗೆ, ಯಾರು ಕೇಳಿಸಿಕೊಂಡರು ಎಂಬುದು ಇರಲಿ. ಆರು ಪ್ರತಿ ಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಂದಹಾಗೆ, ಕಿಲೋ ಲೆಕ್ಕದ ಕೂಲಿಯೂ ಕನಿಷ್ಠ ವೇತನದ ಕಾನೂನಿನೊಳಗೇ ಬರುತ್ತದೆ. ಕಿಲೋ ಎಷ್ಟು, ಕೂಲಿ ಎಷ್ಟು ಎಂದು ದಿನದಿನವೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮನೆಯ ಸೆಪ್ಟಿಕ್ ಟ್ಯಾಂಕಿನ ತಳ ಗಟ್ಟಿಯಾಗಿದೆ, ಯಂತ್ರ ಎಳೆಯುತ್ತಿಲ್ಲ. ಕೈಗವಸು, ಬೂಟು ಕೊಟ್ಟು ಇಬ್ಬರನ್ನು ಇಳಿಸಬಹುದೇ? (ರಾಣೆಬೆನ್ನೂರು)

ಉತ್ತರ: ಬೇಡವೇ ಬೇಡ. ಖಾಸಗಿ ಮನೆಗೂ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೈಗವಸು ಕೊಳಕನ್ನು ತಡೆದೀತು, ಗಾಳಿಯನ್ನಲ್ಲ. ಟ್ಯಾಂಕಿನಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಎಂದು ತಿಳಿದವರು ಅಲ್ಲೇ ಕುಸಿಯುತ್ತಾರೆ. ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಯಾರಾದರೂ ಬಿದ್ದರೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ. ಮೀಥೇನ್ ಇರುವುದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ಗಟ್ಟಿಯಾದ ತಳಕ್ಕೆ ಉಪಾಯ ಮೇಲಿನಿಂದಲೇ ಇದೆ: ನೀರು ಬಿಟ್ಟು ನೆನೆಸಿ, ಜೆಟ್ಟಿಂಗ್ ಯಂತ್ರದ ಒತ್ತಡದಿಂದ ಕದಡಿ, ಆಮೇಲೆ ಎಳೆಯುವುದು. ನಗರಸಭೆಗೆ ಅಥವಾ ಸೆಪ್ಟಿಕ್ ಟ್ಯಾಂಕ್, ಒಳಚರಂಡಿ ಶುಚಿಯ ಸಹಾಯವಾಣಿ 14420ಕ್ಕೆ ಹೇಳಿ, ಜೆಟ್ಟಿಂಗ್ ಬೇಕೆಂದು ಸ್ಪಷ್ಟವಾಗಿ ತಿಳಿಸಿ. ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಿದರೆ ತಳ ಕಲ್ಲಾಗುವುದಿಲ್ಲ. ಒಳಚರಂಡಿ ಸಾವಿಗೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದೆ.

ಪ್ರಶ್ನೆ: ದುರ್ಗದಬೈಲಿನಂಥ ಕಡೆ ತಳ್ಳುಗಾಡಿ ಎತ್ತಿಕೊಂಡು ಹೋದರೆ ಸಾಮಾನು ವಾಪಸ್ ಕೇಳಬಹುದೇ? (ಹುಬ್ಬಳ್ಳಿ)

ಉತ್ತರ: ಕೇಳಬಹುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಬೇಕು. ಸಾಮಾನು ಹಿಡಿದರೆ ಅಲ್ಲೇ ಪಟ್ಟಿ ಮಾಡಿ, ಸಹಿ ಹಾಕಿದ ಪ್ರತಿ ನಿಮಗೆ ಕೊಡಬೇಕು. ಶುಲ್ಕ ಕಟ್ಟಿ ಕೇಳಿದ ಮೇಲೆ ಕಾಯಿಪಲ್ಲೆ, ಹಣ್ಣು ಅದೇ ದಿನ, ಕೆಡದ ಸಾಮಾನು ಎರಡು ಕೆಲಸದ ದಿನದೊಳಗೆ ಮರಳಬೇಕು. ಪಟ್ಟಿ ಕೊಡದಿದ್ದರೆ ಫೋಟೋ ತೆಗೆದು ಆ ದಿನವೇ ಅರ್ಜಿ ಹಾಕಿ. ನಾಳೆಗೆ ಬಿಟ್ಟರೆ ಏನಿತ್ತು, ಎಷ್ಟಿತ್ತು ಎಂದು ಸಾಬೀತು ಮಾಡುವುದು ನಿಮ್ಮ ತಲೆಗೇ ಬರುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರು. ಸಮಿತಿಯ ನಡಾವಳಿ ಬೇಕಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಡಾವಳಿ, ಗುರುತಿನ ಚೀಟಿ, ದಂಡ ಎಲ್ಲವನ್ನೂ ಒಂದರಲ್ಲೇ ತುರುಕಿದ ಅರ್ಜಿ ತಿರುಗಿ ಬರುತ್ತದೆ.