ನಿಮ್ಮ ಕೃತಕ ಕೀಲಿನ ಲೇಖನದ ಬಗ್ಗೆ

ನಮಸ್ಕಾರ.

‘ಕೃತಕ ಕೀಲಿನ ಸೋಂಕು: ಒಂದೇ ರಕ್ತ ಪರೀಕ್ಷೆಯಲ್ಲಿ ಪತ್ತೆ’ ಎಂಬ ನಿಮ್ಮ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ತೊಂದರೆ ಇರುವುದು ತಲೆಬರಹದಲ್ಲೇ. ಅಲ್ಲಿ ಹೇಳಿದ್ದು ನಿಜವಲ್ಲ.

ರಕ್ತದಲ್ಲಿನ ಸಿಆರ್‌ಪಿ ಎಂಬ ಪ್ರೋಟೀನ್ ಜಾಸ್ತಿ ಇದ್ದರೆ ಸೋಂಕು, ನಾರ್ಮಲ್ ಇದ್ದರೆ ನಿಶ್ಚಿಂತೆ ಎಂದು ಬರೆದಿದ್ದೀರಿ. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಸಿಆರ್‌ಪಿ ಹೇಳುತ್ತದೆ. ಎಲ್ಲಿ, ಯಾಕೆ ಎಂದು ಹೇಳುವುದಿಲ್ಲ. ಸಂಧಿವಾತ ಇದ್ದವರಲ್ಲೂ ಅದು ಏರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಎಲ್ಲರಲ್ಲೂ ಏರಿರುತ್ತದೆ, ಇಳಿಯಲು ವಾರಗಳು ಬೇಕು. ಇತ್ತ, ನಿಧಾನವಾಗಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಕೀಲಿನಲ್ಲಿ ಕೂತಿದ್ದರೂ ಸಿಆರ್‌ಪಿ ನಾರ್ಮಲ್ ಬರಬಹುದು. ನಿಮ್ಮ ಲೇಖನ ನಂಬಿದ ಓದುಗರು ರಿಪೋರ್ಟ್ ನೋಡಿ ‘ನನಗೇನೂ ಇಲ್ಲ’ ಎಂದು ನೋವು ನುಂಗಿಕೊಂಡು ಕೂತರೆ?

ಕೃತಕ ಕೀಲಿನ ಸೋಂಕನ್ನು ಅಂಕ ಕೊಟ್ಟು ಗುರುತಿಸುವ 2018ರ ಮಾನದಂಡದ ಹೆಸರು ನೀವೇ ಎತ್ತಿದ್ದೀರಿ. ಆದರೆ ಅದರ ಅಂಕಗಳನ್ನು ಕೂಡಿ ನೋಡಿಲ್ಲ ಅನ್ನಿಸುತ್ತದೆ. ಹಳೆಯ ಸೋಂಕಿನ ಅನುಮಾನ ಇದ್ದಾಗ, ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ 2 ಅಂಕ. ಕೆಂಪು ರಕ್ತಕಣ ತಳಕ್ಕಿಳಿಯುವ ವೇಗ, ಅಂದರೆ ಇಎಸ್‌ಆರ್, ಗಂಟೆಗೆ 30 ಮಿಲಿಮೀಟರ್ ದಾಟಿದರೆ 1. ಆಪರೇಷನ್‌ಗೆ ಮುಂಚೆಯೇ ಸೋಂಕು ಇದೆ ಎನ್ನಲು 6 ಅಂಕವಾದರೂ ಬೇಕು. 2ರಿಂದ 5ರವರೆಗೆ ಬರೀ ಅನುಮಾನ. ಅಂದರೆ ಎರಡೂ ಏರಿದರೂ ಸಿಗುವುದು 3 ಅಷ್ಟೇ. ಉಳಿದದ್ದು ಕೀಲಿನೊಳಗಿನ ದ್ರವದಿಂದ ಬರಬೇಕು. ಸೂಜಿ ಹಾಕಿ ತೆಗೆದ ಆ ದ್ರವದಲ್ಲಿ ಮೈಕ್ರೋಲೀಟರಿಗೆ 3000ಕ್ಕಿಂತ ಹೆಚ್ಚು ಬಿಳಿ ರಕ್ತಕಣ ಇದ್ದರೆ 3 ಅಂಕ. ಅವುಗಳಲ್ಲಿ ನ್ಯೂಟ್ರೋಫಿಲ್‌ಗಳ ಪಾಲು ಶೇ 80 ದಾಟಿದ್ದರೆ ಇನ್ನೂ 2. ನಿಮ್ಮ ಲೇಖನದ ಜೀವ ಇರುವುದು ಆ ಸೂಜಿಯಲ್ಲಿ. ನೀವು ಅದಕ್ಕೆ ಕೊಟ್ಟಿದ್ದು ಅರ್ಧ ಸಾಲು!

‘ಅನುಮಾನ ಬಂದ ಕೂಡಲೇ ಆಂಟಿಬಯೋಟಿಕ್ ಶುರು ಮಾಡುವುದು ಒಳ್ಳೆಯದು’ ಎಂಬ ಸಾಲನ್ನು ಮೊದಲು ತೆಗೆಯಿರಿ. ಇದೊಂದು ಸಾಲಿಗಾಗಿಯೇ ಲೇಖನ ವಾಪಸ್ ಕಳಿಸುತ್ತಿದ್ದೆ. ಬ್ಯಾಕ್ಟೀರಿಯಾಗಳು ಲೋಹ, ಪ್ಲಾಸ್ಟಿಕ್ ಮೇಲೆ ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು ಅದರೊಳಗೆ ಉಳಿಯುತ್ತವೆ. ಮಾತ್ರೆ ನುಂಗಿದರೆ ದ್ರವದಲ್ಲಿ ತೇಲಾಡುವವು ಸಾಯುತ್ತವೆ, ಅಂಟಿಕೊಂಡವು ಉಳಿಯುತ್ತವೆ. ಆಮೇಲೆ ಕಲ್ಚರ್ ಮಾಡಿದರೆ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಿದರೆ, ಏನೂ ಬೆಳೆಯದೇ ಹೋಗಬಹುದು. ಅದಕ್ಕೇ ರೋಗಿಯ ಸ್ಥಿತಿ ತೀರಾ ಕೆಟ್ಟಿಲ್ಲದಿದ್ದರೆ, ವೈದ್ಯರು ಸಾಮಾನ್ಯವಾಗಿ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿ ಆಮೇಲೆ ಸೂಜಿ ಹಾಕುತ್ತಾರೆ. ಸೋಂಕು ರಕ್ತಕ್ಕೆ ಹರಡಿ ಜೀವಕ್ಕೆ ಅಪಾಯ ಬಂದಾಗ ಕಾಯುವ ಮಾತಿಲ್ಲ. ಅದನ್ನೂ ಬರೆಯಿರಿ.

ಕಲ್ಚರ್ ವಿಷಯಕ್ಕೆ ಬಂದಾಗ ದಯವಿಟ್ಟು ನಿಧಾನಿಸಿ. ‘ಲ್ಯಾಬ್‌ಗೆ ಕಳಿಸುತ್ತಾರೆ’ ಎಂದು ಸುಮ್ನೆ ದಾಟಿಬಿಟ್ಟಿದ್ದೀರಿ. ಆಪರೇಷನ್ ಮಾಡುವಾಗ ಐದಾರು ಕಡೆಯಿಂದ ಅಂಗಾಂಶದ ಚೂರು ತೆಗೆಯುತ್ತಾರೆ, ಒಂದೊಂದಕ್ಕೂ ಬೇರೆ ಬೇರೆ ಉಪಕರಣ. ಯಾಕೆ ಗೊತ್ತಾ? ಇಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ನಮ್ಮ ಚರ್ಮದ ಮೇಲೂ ಇರುತ್ತವೆ. ಒಂದೇ ಚೂರಿನಲ್ಲಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಬೆಳೆದರೆ ಅದು ಕೀಲಿನದ್ದೋ, ಚರ್ಮದಿಂದ ಅಂಟಿಕೊಂಡಿದ್ದೋ ಹೇಳುವುದು ಕಷ್ಟ. ಆದರೆ ಎರಡರಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆದರೆ ಅಂಕ ಎಣಿಸುವ ಕೆಲಸವೇ ಇಲ್ಲ, ಸೋಂಕು ಖಚಿತ. ಕೀಲಿನಿಂದ ಚರ್ಮದವರೆಗೆ ಕೀವು ಸೋರುವ ದಾರಿ ತೆರೆದುಕೊಂಡಿದ್ದರೂ ಅಷ್ಟೇ. ಇನ್ನು ಭುಜದ ಕೀಲಿನಲ್ಲಿ ಹೆಚ್ಚಾಗಿ ಸಿಗುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಬಹಳ ಸೋಮಾರಿ. 14 ದಿನ ಇಟ್ಟು ಕಾಯಬೇಕಾಗುತ್ತದೆ. ಐದನೇ ದಿನಕ್ಕೆ ‘ಏನೂ ಇಲ್ಲ’ ಎಂದು ತಟ್ಟೆ ಎಸೆದರೆ ಸೋಂಕೇ ತಪ್ಪಿಹೋಗಬಹುದು. ಇಷ್ಟು ಒಳ್ಳೆ ಸರಕನ್ನು ಯಾರಾದರೂ ಬಿಡ್ತಾರಾ?

ಜ್ವರ, ಕೆಂಪು, ಊತ ಎಂಬ ಪಟ್ಟಿ ಹೊಸ ಸೋಂಕಿಗೆ ಸರಿ. ಹಳೆಯದಕ್ಕೆ ಹಲವು ಸಲ ಬರೀ ನೋವು, ಅಥವಾ ಕೀಲು ಸಡಿಲವಾದ ಹಾಗೆ ಅನ್ನಿಸುವುದು. ಸೋಂಕಿಲ್ಲದೆಯೂ ಕೀಲು ಸಡಿಲವಾಗುತ್ತದೆ, ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಹೊರತೆಗೆದ ಕೀಲಿಗೆ ಅಂಟಿದ ಬ್ಯಾಕ್ಟೀರಿಯಾಗಳನ್ನು ಶಬ್ದದ ಅಲೆಗಳಿಂದ ಬಿಡಿಸುವ ಸೋನಿಕೇಷನ್ ಬಗೆಗಿನ ಪ್ಯಾರಾ ಚೆನ್ನಾಗಿದೆ, ಹಾಗೇ ಇರಲಿ.

ಆರಂಭದ ಮೂರು ಪ್ಯಾರಾ ಇತಿಹಾಸ ಬೇಡ. ಕೃತಕ ಸೊಂಟದ ಕೀಲಿನ ಆಪರೇಷನ್‌ಗೆ ಹೆಸರಾದ ಸರ್ಜನ್ ಜಾನ್ ಚಾರ್ನ್ಲಿ ಬೇಕೇ ಬೇಕು ಅಂದರೆ, ಸೋಂಕಿನ ಭಯದಿಂದ ಅವರು ಆಪರೇಷನ್ ಥಿಯೇಟರಿನ ಗಾಳಿಯನ್ನೇ ಶೋಧಿಸಲು ಹೊರಟ ಕಥೆಯನ್ನು ಎರಡು ಸಾಲಿನಲ್ಲಿ ಹೇಳಿ. ಕೊನೆಯ ‘ಹತ್ತು ಮುನ್ನೆಚ್ಚರಿಕೆ’ಯನ್ನೂ ಕಿತ್ತುಹಾಕಿ, ಅವು ಯಾವ ಕಾಯಿಲೆಯ ಲೇಖನಕ್ಕಾದರೂ ಹೊಂದುತ್ತವೆ.

ಒಬ್ಬರು ಮೂಳೆ ತಜ್ಞರ ಜೊತೆ ಮಾತಾಡಿದ್ದೀರಿ. ಈ ಸಲ ಲ್ಯಾಬ್‌ನಲ್ಲಿ ಕಲ್ಚರ್ ತಟ್ಟೆ ನೋಡುವ ಮೈಕ್ರೋಬಯಾಲಜಿಸ್ಟ್ ಒಬ್ಬರನ್ನೂ ಮಾತಾಡಿಸಿ. ರಿಪೋರ್ಟ್ ಬರೆಯಲು ಅವರು ಯಾವಾಗ ಹಿಂಜರಿಯುತ್ತಾರೆ ಎಂದು ಕೇಳಿ. ಆ ಉತ್ತರದಿಂದಲೇ ಲೇಖನ ಶುರು ಮಾಡಿ ಕಳಿಸಿ. ತಲೆಬರಹ ನಾನು ಹಾಕಿಕೊಳ್ಳುತ್ತೇನೆ.